ಮಗಳ ಬದಲು ಇಳಿದ ಗುಮಾಸ್ತ

ಜೂನ್ 3, ಬೆಳಿಗ್ಗೆ

ಯಾರದು ಈ ಪುಸ್ತಕ ತೆರೆದಿರೋದು? ನಾಚಿಕೆ ಆಗಲ್ವಾ? ಮುಚ್ಚಿಡಿ. ಕಾಗೆ ಕಾಲಿನಂಥ ಅಕ್ಷರ ಅಂತ ನಗೋದೂ ಬೇಡ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಇಷ್ಟಾದರೂ ಬರೀತೀನಲ್ಲ.

ಮಗಳ ಮೈ ಒರೆಸಿ ಮಗ್ಗುಲು ಬದಲಿಸಿದ್ದಾಯ್ತು. ಬಸ್ ಆಕ್ಸಿಡೆಂಟ್ ಆಗಿ ಹನ್ನೊಂದು ವರ್ಷ. ಕಾಲು ಮಡಚೋಕಾಗಲ್ಲ, ನೆಟ್ಟಗೆ ಎತ್ತಿ ಹಿಡಿದರೆ ಉಸಿರು ಕಟ್ಟುತ್ತೆ. ಬಾಯಿ ಮಾತ್ರ ನನ್ನದೇ. "ಅಮ್ಮಾ, ಬೆನ್ನು ಒರೆಸ್ತಿದೀಯೋ, ತಳ ಹಿಡಿದ ಪಾತ್ರೆ ಉಜ್ತಿದೀಯೋ?"

ನಾಳಿದ್ದು ಪ್ರವಾಹದ ಡ್ರಿಲ್ ಅಂತೆ, ನೀರು ಬಂದ್ರೆ ಎಲ್ಲರನ್ನೂ ಹೇಗೆ ಇಳಿಸೋದು ಅಂತ ನೋಡೋಕೆ. ಹೊಳೆಯೇ ಗಡಿ ಅಲ್ವಾ, ಎರಡೂ ದಡದ ಸರ್ಕಾರ ಸೇರಿ ಮಾಡ್ತಾವೆ. ಯಾರನ್ನೂ ಬಿಟ್ಟು ಹೋಗಲ್ಲ ಅಂತ ಚೀಟಿ ಹಂಚಿದ್ರು. ಹೋದ ಸಲ ಪಕ್ಕದ ಕಟ್ಟಡ ಬುಡಸಮೇತ ಕೊಚ್ಚಿಹೋಗಿತ್ತು. ನಮ್ಮದು ಮೂರನೇ ಮಹಡಿ. "ಹೊಸ ನೈಟಿ ತೆಗೆದಿಡು, ಬಿಗಿಯಾಗಿ ಜಡೆ ಹಾಕು" ಅಂದ್ಳು ಮಗಳು. ಬೀದಿ ನೋಡಿ ಎರಡು ವರ್ಷ ಆಯ್ತಲ್ಲ...

ಜೂನ್ 5

ಜಡೆ ದಂಡ.

"ಅಜ್ಜಿ, ನಿಜವಾದ ಪೇಷಂಟ್ ಬೇಡ. ಏನಾದ್ರೂ ಆದ್ರೆ ನಮ್ಮ ತಲೆಗೆ ಬರುತ್ತೆ" ಅಂದ್ಳು ಆಫೀಸರಮ್ಮ. ಮಗಳ ಬದಲು ಗುಂಡು ಗುಂಡಗಿನ ಗುಮಾಸ್ತ ಸ್ಟ್ರೆಚರ್ ಮೇಲೆ ಮಲಗಿದ. ಮೆಟ್ಟಿಲ ತಿರುವಲ್ಲಿ ಸ್ಟ್ರೆಚರ್ ಸಿಕ್ಕಿಕೊಳ್ತು. ಆಸಾಮಿ ಎದ್ದ, ನಾಲ್ಕು ಮೆಟ್ಟಿಲು ನಡೆದ, ಮತ್ತೆ ಮಲಗಿದ! ಕೆಳಗೆ ಚಪ್ಪಾಳೆ. ಆಚೆ ದಡದವರು ಫೋಟೋ ಹೊಡೆದ್ರು. ಫಾರ್ಮಲ್ಲಿ ಬರೆದ್ರು — ಅಂಗವಿಕಲರು ಒಬ್ಬರು, ಸುರಕ್ಷಿತ.

"ನನ್ನ ಮಗಳು ಹಾಗೆ ಎದ್ದು ನಡೆದ್ರೆ ನಿಮ್ಮನ್ನೆಲ್ಲ ನಾನೇ ಹೊತ್ತು ಇಳಿಸ್ತೀನಿ" ಅಂದೆ. ನಕ್ಕರು.

ಮೇಲೆ ಬಂದೆ. ಚಪ್ಪಾಳೆ ಅವಳಿಗೂ ಕೇಳಿತ್ತು.

"ಅಮ್ಮಾ, ನಾನು ಇಳಿದ್ನಾ?"

ಜೂನ್ 9

ಆಫೀಸಿಗೆ ಹೋಗಿದ್ದೆ. ತಿರುವಲ್ಲಿ ಹಿಡಿಸೋ ಸಣ್ಣ ಸ್ಟ್ರೆಚರ್ ಕೊಡಿ, ಇಲ್ಲಾ ಎತ್ತರದ ಜಾಗದಲ್ಲಿ ಒಂದು ಕೋಣೆ ಕೊಡಿ ಅಂದೆ.

"ಸ್ಟ್ರೆಚರ್ ಆಚೆ ದಡದವರದ್ದು, ಅಜ್ಜಿ."

ಆಚೆ ದಡಕ್ಕೆ ಫೋನ್ ಹಚ್ಚಿಸಿದೆ. ಕಟ್ಟಡ ನಿಮ್ಮ ದಡದ್ದು ಅಂದ್ರು.

ಡ್ರಿಲ್ ಪಾಸ್ ಆಗಿದೆಯಂತೆ. ಆ ಫಾರ್ಮ್ ತಿದ್ದೋಕೆ ಎರಡೂ ಕಡೆ ಸಹಿ ಬೇಕಂತೆ. ಆಫೀಸರಮ್ಮ ಕೆಟ್ಟವಳಲ್ಲ, ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಬೈಯೋಕೂ ಬಾಯಿ ಬರಲಿಲ್ಲ.

ಜೂನ್ 22

ಹೊಳೆ ಕಟ್ಟೆ ಮುಟ್ಟಿದೆ. ಅಕ್ಕಪಕ್ಕದ ನಾಲ್ಕು ಜನ ಮಗಳನ್ನ ದುಪ್ಪಟಿಯಲ್ಲಿ ಎತ್ತಿ ನೋಡಿದ್ರು. ತಿರುವಲ್ಲಿ ಮಂಡಿ ಗೋಡೆಗೆ ಬಡೀತು. ಆ ಕೂಗು... ವಾಪಸ್ ತಂದು ಮಲಗಿಸಿದ್ವಿ.

"ನೀರು ಬಂದಾಗ ನೀನು ಇಳಿದುಬಿಡಮ್ಮ" ಅಂದ್ಳು.

"ಬಾಯ್ಮುಚ್ಚೇ" ಅಂದೆ. ಅವಳ ಮಂಡಿಗೆ ಎಣ್ಣೆ ಹಚ್ಚಿದೆ.

ಜೂನ್ 23

ಕಾಗದ ಬರೆಯೋಕೆ ಮೊದಲು ಇಲ್ಲೇ ಬರೆದು ನೋಡ್ತೀನಿ.

ಎರಡೂ ದಡದ ದೊಡ್ಡವರಿಗೆ. ನೀವು ಸುರಕ್ಷಿತ ಅಂತ ಬರಕೊಂಡವಳು ಇನ್ನೂ ಮೇಲೇ ಇದಾಳೆ. ನನಗೆ ಎಪ್ಪತ್ತೆರಡು, ಅವಳನ್ನ ಎತ್ತೋ ಶಕ್ತಿ ಇಲ್ಲ. ಬಿಟ್ಟು ಇಳಿಯೋ ಶಕ್ತೀನೂ ಇಲ್ಲ. ಮುಂದಿನ ತಿಂಗಳು ಹೊಳೆ ಕಟ್ಟೆ ಮೀರುತ್ತೆ. ಅದಕ್ಕೆ ಮುಂಚೆ ಉತ್ತರ ಬರೀರಿ. ನನಗೆ ಬೇಡ, ಅವಳಿಗೇ ಬರೀರಿ, ಓದೋಕೆ ಬರುತ್ತೆ. ಹೇಗೆ ಇಳಿಸ್ತೀರಿ ಅಂತ ಬರೀರಿ. ಆಗಲ್ಲ ಅಂದ್ರೆ ಅದನ್ನಾದರೂ —