ಸೈಕಲ್ಲು ಪಂಚರ್ ಅಂಗಡಿಗೆ ಬೇಡ

ರೀ,

ನಾನು ಮೊದಲ ಬಸ್ಸಿಗೆ ಹೊರಟೆ. ನಿನ್ನೆ ಅಷ್ಟು ದೂರ ಸೈಕಲ್ ತುಳಿದವರು ಮಲಗಿರಲಿ ಅಂತ ಎಬ್ಬಿಸಲಿಲ್ಲ. ನನಗೋ ಮೆಟ್ಟಿಲು ಇಳಿಯೋಕೂ ಮಂಡಿ ಕೇಳ್ತಿಲ್ಲ, ಇವತ್ತಿಡೀ ಆಸ್ಪತ್ರೆ ಲಾಂಡ್ರಿಯಲ್ಲಿ ನಿಂತೇ ಇರಬೇಕು.

ತಿಂಡಿ ಮುಚ್ಚಿಟ್ಟಿದ್ದೀನಿ. ತಿಂದು ಮಾತ್ರೆ ತಗೊಳ್ಳಿ, ಪೇಪರು ಆಮೇಲೆ.

ನಿನ್ನೆ ದಾರಿಯಲ್ಲಿ ಸಿಕ್ಕ ತೋಟದವರಿಗೆ ಬೇಡ ಅನ್ನೋಕೆ ಬಾಯಿ ಬರದೆ ನೀವು ನನ್ನ ಸೈಕಲ್ ಕ್ಯಾರಿಯರ್ ಮೇಲೆ ಹೇರಿಸಿದ ಕಿತ್ತಳೆ ಅಡುಗೆಮನೆ ತುಂಬ ಬಿದ್ದಿದೆ. ಗಟ್ಟಿ ಇರೋದು ಪಕ್ಕದ ಮನೆಗೆ, ಮೆತ್ತಗಾದದ್ದು ನಮಗೆ. ಅದಲುಬದಲು ಮಾಡಬೇಡಿ.

ನನ್ನ ಸೈಕಲ್ಲನ್ನ ಪಂಚರ್ ಅಂಗಡಿಗೆ ತಳ್ಳಿಕೊಂಡು ಹೋಗಬೇಡಿ. "ಹಾಳು ಟೈರು, ತೋಟಕ್ಕೊಂದು ಸಲ ಗಾಳಿ ಹೋಗುತ್ತೆ" ಅಂತ ದಾರಿಯುದ್ದಕ್ಕೂ ಗೊಣಗಿದಿರಲ್ಲ, ಆ ಟೈರಿಗೆ ಏನೂ ಆಗಿಲ್ಲ. ಹಾರ್ಟ್ ಆಪರೇಷನ್ ಆದವರು ನಿಧಾನಕ್ಕೆ ತುಳೀಲಿ ಅಂತ ಡಾಕ್ಟರು ಹೇಳಿದರೆ, ನೀವು ಹಾಲಿನವನನ್ನ ಹಿಂದೆ ಹಾಕೋಕೆ ಹೊರಟಿರಿ. ಏರಿನಲ್ಲಿ ನಿಮ್ಮ ಏದುಸಿರು ಹಿಂದಿದ್ದ ನನಗೇ ಕೇಳಿಸ್ತಿತ್ತು. ಕೂತ್ಕೊಳ್ಳಿ ಅಂದ್ರೆ ಕೂರೋ ಜನ ನೀವಲ್ಲ. ಅದಕ್ಕೇ ನೀವು ತಿರುಗಿ ನೋಡೋಷ್ಟರಲ್ಲಿ ಇಳಿದು ನಾನೇ ಟೈರಿನ ಗಾಳಿ ಬಿಡ್ತಿದ್ದೆ. ನೀವು ಮರದ ನೆರಳಲ್ಲಿ ಕೂತು ಬೈತಿದ್ದಿರಿ, ನಾನು ಪಂಪ್ ಹೊಡೀತಿದ್ದೆ. ನಿಮ್ಮ ಉಸಿರು ಹದಕ್ಕೆ ಬರೋವರೆಗೂ ಟೈರು ತುಂಬ್ತಿರಲಿಲ್ಲ.

ಸಂಜೆ ಬಂದಾಗ ಈ ಮಾತು ಎತ್ತಬೇಡಿ, ವಾದ ಮಾಡೋ ಶಕ್ತಿ ನನಗಿರಲ್ಲ. ಮುಂದಿನ ಭಾನುವಾರವೂ ಗಾಳಿ ಹೋಗುತ್ತೆ. ಬೇಕಾದಷ್ಟು ಬೈಯಿರಿ, ಆದರೆ ಕೂತು ಬೈಯಿರಿ.