ಒಲೆಯವರೆಗೆ ಬಾರದ ನೀರು

ಕಚೇರಿಯ ಮೂರನೇ ಮಹಡಿ
ಮಂಗಳವಾರ, ಮಧ್ಯಾಹ್ನ

ನನ್ನ ಅಮ್ಮನಿಗೆ,

ಕೈಯಲ್ಲಿ ಫೋನ್ ಇದ್ದೂ ಕಾಗದ ಬರೆಯಲು ಕೂತ ಮಗಳ ನಮಸ್ಕಾರ. ಗಾಬರಿಯಾಗಬೇಡ, ಹುಷಾರಾಗಿದ್ದೇನೆ. ಈ ವಿಷಯ ಹೇಳಬೇಕೆಂದೇ ಹೋದ ವಾರ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು ಊಟ ಆಯ್ತೇನೇ ಅಂದೆ, ನಾನು ಆಯ್ತಮ್ಮ ಅಂದೆ, ಅಲ್ಲಿಗೆ ನನ್ನ ಧೈರ್ಯ ಮುಗಿಯಿತು. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಹೊಲಿಗೆ ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು.

ನಮ್ಮ ಹುಡುಗಿ ಡಾಕ್ಟರಾದಳು, ಇವತ್ತಿನವರೆಗೆ ಒಂದು ನೆಗಡಿಗೂ ಮಾತ್ರೆ ಕೊಟ್ಟಿಲ್ಲ ಎಂದು ನೀನು ಬಟ್ಟೆ ಹೊಲಿಸಲು ಬಂದವರ ಮುಂದೆಲ್ಲ ಆಡಿಕೊಳ್ಳುತ್ತೀಯಲ್ಲ, ನನ್ನ ಕೆಲಸವೇನೆಂದು ಇವತ್ತಾದರೂ ಸರಿಯಾಗಿ ಹೇಳುತ್ತೇನೆ. ಡಾಕ್ಟರೇಟ್ ಮುಗಿದ ಮೇಲೂ ನನ್ನನ್ನು ಇಲ್ಲಿ ಸಂಶೋಧನೆಗೆ ಇಟ್ಟುಕೊಂಡಿರುವುದು ಒಂದೇ ಕಾರಣಕ್ಕೆ. ಸಮುದ್ರ ಏರುತ್ತಿದೆ, ಬಿರುಗಾಳಿ ಹೆಚ್ಚುತ್ತಿದೆ. ದಡದ ಯಾವ ಬೀದಿ ಇದನ್ನೆಲ್ಲ ಎಷ್ಟು ತಾಳಿಕೊಳ್ಳುತ್ತದೆ, ಯಾವುದಕ್ಕೆ ಮೊದಲು ತಡೆಗೋಡೆ ಬೇಕು ಎಂದು ಲೆಕ್ಕ ಹಾಕಿ ಯೋಜನಾ ಇಲಾಖೆಗೆ ಕೊಡಬೇಕು. ಗೋಡೆ ಎಲ್ಲಿ ಕಟ್ಟಬೇಕೆಂದು ಅವರು ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ.

ಗೋಡೆಯ ನಕ್ಷೆ ಬಂದಿದೆ ಅಮ್ಮ. ಬಂದರಿನಿಂದ ಹೊರಟು ಐಸ್ ಕಾರ್ಖಾನೆಯ ಕಾಂಪೌಂಡಿನ ಹತ್ತಿರ ನಿಂತುಬಿಡುತ್ತದೆ. ನಮ್ಮ ಬೀದಿ ಶುರುವಾಗುವುದು ಅದರಾಚೆಗೆ. ಆ ತುದಿಯ ಮೇಲೆ ಬೆರಳಿಟ್ಟು ಎರಡೆರಡು ಸಲ ನೋಡಿದೆ. ಆಗಲೇ ನನಗೆ ತಪ್ಪು ತಿಳಿದದ್ದು. ತಪ್ಪು ಇಲಾಖೆಯದಲ್ಲ, ನನ್ನದು.

ಹೋದ ವರ್ಷ ನಾನು ಪ್ರಶ್ನೆಗಳ ಕಟ್ಟು ಹಿಡಿದು ಬೀದಿಯ ಅರವತ್ತೆರಡು ಮನೆಗೂ ಹೋದದ್ದು ನಿನಗೆ ನೆನಪಿದೆ. ನಮ್ಮವರಾದರೆ ಮನಸ್ಸು ಬಿಚ್ಚಿ ಹೇಳುತ್ತಾರೆ ಎಂದು ನಾನೇ ಹಟ ಮಾಡಿ ಈ ಕಡೆ ತೆಗೆದುಕೊಂಡಿದ್ದೆ. ಸಮುದ್ರದ ಹತ್ತಿರ ಒಂದು ದಿನವೂ ಇರದ ನನ್ನ ಕಚೇರಿಯ ಜೊತೆಗಾರ್ತಿಗೆ ಬಂದರಿನ ಕಡೆ ಬಿಟ್ಟುಕೊಟ್ಟೆ. ಹತ್ತು ವರ್ಷದಲ್ಲಿ ಎಷ್ಟು ಸಲ ಮನೆಯೊಳಗೆ ಸಮುದ್ರದ ನೀರು ಬಂದಿದೆ ಎಂಬುದು ಮೊದಲ ಪ್ರಶ್ನೆ. ಬಡಗಿ ಮಾವ ದೋಣಿಗೆ ಮೊಳೆ ಹೊಡೆಯುವುದನ್ನು ನಿಲ್ಲಿಸದೆಯೇ, ಒಂದೇ ಸಲ ಕಣಮ್ಮ, ನಿಮ್ಮಪ್ಪ ತೀರಿಕೊಂಡ ವರ್ಷ ಅಂದರು. ಉಳಿದವರೂ ಅಷ್ಟೇ, ಒಂದು ಅಥವಾ ಇಲ್ಲ. ನಾನು ತಲೆಯಾಡಿಸಿ ಬರೆದುಕೊಂಡೆ.

ಯಾಕೆ ಅನುಮಾನ ಬರಲಿಲ್ಲ ಗೊತ್ತಾ? ನಾನೂ ಹಾಗೇ ಎಣಿಸುವವಳು. ನಮ್ಮಲ್ಲಿ ಒಲೆಕಟ್ಟೆಯ ಮೇಲೆ ಹತ್ತಿ ಒಲೆ ಆರಿಸಿದರಷ್ಟೇ ನೀರು ಬಂದ ಲೆಕ್ಕ. ಹೊಸಿಲು ದಾಟಿ ಪಾದ ಮುಳುಗಿಸಿದರೆ ಚಾಪೆ ಸುತ್ತಿ ಮೇಲಿಡುತ್ತೇವೆ, ಅಕ್ಕಿ ಡಬ್ಬ ಅಟ್ಟಕ್ಕೇರಿಸುತ್ತೇವೆ, ಇಳಿದ ಮೇಲೆ ಗುಡಿಸಿ ಒರೆಸಿ ಅನ್ನಕ್ಕಿಡುತ್ತೇವೆ. ಅದನ್ನು ಯಾರು ಲೆಕ್ಕ ಇಡುತ್ತಾರೆ? ಕಸ ಗುಡಿಸಿದ್ದನ್ನು ಯಾರಾದರೂ ಎಣಿಸುತ್ತಾರಾ? ಜೊತೆಗಾರ್ತಿಗೆ ಇದೊಂದೂ ಗೊತ್ತಿರಲಿಲ್ಲ. ಅದಕ್ಕೇ ಪಾಪ, ಪ್ರತಿ ಮನೆಯಲ್ಲೂ ಗೋಡೆಗೆ ಅಳತೆಪಟ್ಟಿ ಹಿಡಿದು ಎಲ್ಲಿಯವರೆಗೆ ಬಂತು, ಕಳೆದ ವರ್ಷ ಎಷ್ಟು ಸಲ, ಅದರ ಹಿಂದಿನ ವರ್ಷ ಎಷ್ಟು ಎಂದು ಕೆದಕಿ ಕೇಳಿದ್ದಾಳೆ. ಅವಳ ಕಡೆ ಮನೆಗೆ ಮೂವತ್ತು, ನಲವತ್ತು ಸಲ ಬಂದಿದೆ. ನಮ್ಮ ಕಡೆ ಸೊನ್ನೆ ಮತ್ತು ಒಂದು.

ಅಷ್ಟಕ್ಕೇ ಮುಗಿಯಲಿಲ್ಲ. ನೀರು ಇಳಿದ ಮೇಲೆ ಮಾಮೂಲಿ ಬದುಕಿಗೆ ಎಷ್ಟು ದಿನ ಬೇಕೆಂದರೆ ನೀವೆಲ್ಲ ಒಂದೇ ಬಾಯಲ್ಲಿ ಅರ್ಧ ದಿನ ಅಂದಿರಿ. ಯಾರ ಸಹಾಯ ಬೇಕೆಂದರೆ, ಯಾರದೂ ಬೇಡ ಅಂದಿರಿ. ನೀನಂತೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಂದೆ. ಕಂಪ್ಯೂಟರ್ ನಮ್ಮ ಬೀದಿಗೆ ಇಡೀ ದಡದಲ್ಲೇ ಮೊದಲ ಸ್ಥಾನ ಕೊಟ್ಟಿತು. ಅತಿ ಹೆಚ್ಚು ತಾಳಿಕೊಳ್ಳಬಲ್ಲ ಬೀದಿ, ಗೋಡೆಯ ತುರ್ತಿಲ್ಲ. ಆ ಸಾಲನ್ನು ಹೆಮ್ಮೆಯಿಂದ ಬರೆದವಳು ನಾನು. ಬೇರೆ ಯಾರೇ ಬಂದು ಕೇಳಿದ್ದರೂ ನಿಮಗೆ ಗೋಡೆ ಸಿಗುತ್ತಿತ್ತು.

ನಮ್ಮ ಪ್ರೊಫೆಸರಿಗೆ ಹೇಳಿದೆ. ಒಳ್ಳೆಯ ಮನುಷ್ಯ, ಬಯ್ಯಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ, ವರದಿ ಒಪ್ಪಿಗೆಯಾಗಿ ಹೋಗಿದೆ, ಈಗ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಕೈಚೆಲ್ಲಿದರು. ಇಲಾಖೆಯ ಎಂಜಿನಿಯರ್ ಹತ್ತಿರ ಹೋದೆ. ಅವರು ಟೀ ತರಿಸಿದರು, ಪೂರ್ತಿ ಕೇಳಿಸಿಕೊಂಡರು, ಇನ್ನು ಐದು ವರ್ಷಕ್ಕೆ ಯೋಜನೆಯ ಮರುಪರಿಶೀಲನೆ ಇದೆ, ಆಗ ಹೊಸ ಅಂಕಿಅಂಶ ತನ್ನಿ ಮೇಡಂ ಅಂದರು. ಅಲ್ಲಿಯವರೆಗೆ ಗೋಡೆ ಮುಗಿದ ಜಾಗದಲ್ಲಿ ಏನಾಗುತ್ತದೆ ಎಂದು ಕೇಳಿದೆ. ಅವರು ನಕ್ಷೆಯಲ್ಲಿ ಪೆನ್ಸಿಲ್ಲನ್ನು ಗೋಡೆಯ ಗುಂಟ ಎಳೆಯುತ್ತಾ ಬಂದು, ತುದಿಯಲ್ಲಿ ತಿರುಗಿಸಿ, ತಡೆದ ನೀರು ಎಲ್ಲಾದರೂ ಹೋಗಲೇಬೇಕಲ್ಲ ಅಂದರು. ಪೆನ್ಸಿಲ್ ನಿಂತದ್ದು ನೀನು ಬಟ್ಟೆ ಒಣಹಾಕುವ ಹಿತ್ತಲಿನ ಮೇಲೆ. ಅವರಿಗೆ ಅದು ಗೊತ್ತಿಲ್ಲ. ನಾನು ಟೀ ಲೋಟ ಹಿಡಿದುಕೊಂಡು ಆ ಪೆನ್ಸಿಲ್ ತುದಿಯನ್ನೇ ನೋಡುತ್ತಾ ಕೂತಿದ್ದೆ.

ಈಗಲೂ ಹಾಗೇ ಕೂತಿದ್ದೇನೆ. ಐವತ್ತು ವರ್ಷದ ನಂತರ ಸಮುದ್ರ ಎಷ್ಟು ಏರುತ್ತದೆ ಎಂದು ಕೇಳು, ಪಟಪಟನೆ ಹೇಳುತ್ತೇನೆ. ಆ ಗೋಡೆಯನ್ನು ಇನ್ನೂರು ಹೆಜ್ಜೆ ಮುಂದಕ್ಕೆ ಎಳೆಸುವುದು ನನ್ನಿಂದಾಗುತ್ತಿಲ್ಲ. ಇಷ್ಟು ಓದಿ ಏನು ಬಂತು ಅಮ್ಮ?

ಒಂದು ಕೆಲಸ ಮಾಡಿಕೊಡು. ಹೋದ ಸಲ, ಐದಾರು ತಿಂಗಳ ಹಿಂದಿನ ಆ ಭಾನುವಾರ, ನಾನು ಮನೆಗೆ ಬಂದಾಗ ಮಂಚದ ಕಾಲುಗಳ ಕೆಳಗೆ ಮೂರು ಮೂರು ಇಟ್ಟಿಗೆ ಇದ್ದವು, ಮೊದಲು ಎರಡೇ ಇದ್ದವು. ಯಾಕೆ ಎಂದು ಕೇಳಿದರೆ ನೀನು, ತಗ್ಗಿನ ಮಂಚದಿಂದ ಏಳಲು ಮಂಡಿ ನೋವು ಅಂದೆ. ಹೊಲಿಗೆ ಮಿಷನ್ನಿನ ಪೆಡಲ್ ಯಾಕೆ ತುಕ್ಕು ಹಿಡಿದಿದೆ ಎಂದರೆ, ನನ್ನ ಕಾಲು ಬೆವರುತ್ತೆ ಕಣೇ ಅಂದೆ. ಬೆವರು ಮಿಷನ್ನಿನ ಕಾಲನ್ನು ಮೊಣಕಾಲುದ್ದ ತಿನ್ನುವುದಿಲ್ಲ. ನಿನ್ನ ಕೊರಳಲ್ಲಿ ಸದಾ ನೇತಾಡುವ ಆ ಟೇಪಿನಿಂದಲೇ ಆ ತುಕ್ಕನ್ನು ಅಳೆ. ಆಮೇಲೆ ಅರವತ್ತೆರಡು ಮನೆಗೂ ಹೋಗಿ ಗೋಡೆಯ ಉಪ್ಪಿನ ಗೆರೆ ಅಳೆದು, ದಿಂಬಿನ ಗವಸಿನ ಅಳತೆ ಬರೆಯುವ ಪುಸ್ತಕದಲ್ಲಿ ಬರೆದಿಡು. ಮನೆಯೊಳಗೆ ಕೆಸರಿತ್ತು ಅಂತ ಊರಿಗೆಲ್ಲ ಸಾರಬೇಕಾ ಎಂದು ಮೂಗು ಮುರಿಯಬೇಡ, ನಿನ್ನ ದಮ್ಮಯ್ಯ. ಇದರಿಂದ ಏನಾದರೂ ಆಗುತ್ತದೆ ಎಂದು ಮಾತು ಕೊಡಲಾರೆ. ಆದರೆ ಐದು ವರ್ಷದ ನಂತರವಾದರೂ ಕೇಳುವವರ ಮುಂದೆ ಇಡಲು ನಮ್ಮಲ್ಲಿ ಏನಾದರೂ ಇರಬೇಕಲ್ಲ.

ಇಲ್ಲಿಗೆ ಬಂದು ನನ್ನ ಜೊತೆ ಇರು ಎಂದು ಕರೆಯುವ ಮನಸ್ಸಿದೆ. ನನ್ನ ಮಿಷನ್ ಇಟ್ಟರೆ ನಿನ್ನ ಮಂಚ ಬೀದಿಗೆ ಹಾಕಬೇಕಲ್ಲೇ ಎಂದು ನಗುತ್ತೀಯ. ನಿಜ, ಕೋಣೆ ಅಷ್ಟೇ ಇದೆ. ಬಡಗಿ ಮಾವನಿಗೂ ಉಳಿದವರಿಗೂ ಈ ಕಾಗದ ಓದಿ ಹೇಳು. ಬೈದರೆ ಬೈಯಲಿ.

ಒಂದು ಮಾತ್ರೆಯನ್ನೂ ಕೊಡಲಾಗದ
ನಿನ್ನ ಡಾಕ್ಟರ್ ಮಗಳು

ತಾ.ಕ. ಅಂಟಿಸಿದ ಲಕೋಟೆಯನ್ನು ಬಿಡಿಸಿ ಇದನ್ನು ಸೇರಿಸುತ್ತಿದ್ದೇನೆ. ತಪ್ಪು ತಿಳಿದದ್ದು ನಕ್ಷೆ ಬಂದ ಮೇಲೆ ಎಂದು ಮೇಲೆ ಬರೆದಿದ್ದೇನೆ, ಅದು ಸುಳ್ಳು. ಆ ಭಾನುವಾರ ಮೂರನೇ ಇಟ್ಟಿಗೆ ನೋಡಿದಾಗಲೇ ತಿಳಿಯಿತು. ವರದಿ ಇಲಾಖೆಗೆ ಹೋದದ್ದು ಅದರ ಮುಂದಿನ ಶುಕ್ರವಾರ. ಮಧ್ಯೆ ಬುಧವಾರ, ನನ್ನ ಕೆಲಸವನ್ನು ಇನ್ನೆರಡು ವರ್ಷ ಮುಂದುವರಿಸುವ ಪತ್ರಕ್ಕೆ ಪ್ರೊಫೆಸರ್ ಸಹಿ ಹಾಕುವುದಿತ್ತು. ಅದೊಂದು ಆಗಿಬಿಡಲಿ, ಆಮೇಲೆ ಹೇಳೋಣ ಅಂದುಕೊಂಡೆ. ಸಹಿ ಆಯಿತು. ಗುರುವಾರವೂ ನಾನು ಬಾಯಿ ಬಿಡಲಿಲ್ಲ. ಇದನ್ನೂ ಬೀದಿಯವರಿಗೆ ಓದಿ ಹೇಳಬೇಕೋ ಬೇಡವೋ ನೀನೇ ನೋಡು. ಓದಿದ ಮೇಲೂ ನನಗೆ ಫೋನ್ ಮಾಡುವ ಮನಸ್ಸಾದರೆ, ಊಟ ಆಯ್ತೇನೇ ಎಂದು ಮಾತ್ರ ಕೇಳಬೇಡ ಅಮ್ಮ.