2050ರ ಮನೆಯ ಕಟ್ಟೆ

ಹರಪನಹಳ್ಳಿ
12-3-1999

ನಕ್ಷೆ ಬರೆದ ಗಂಗಾಂಬಿಕಾ ಮೇಡಂ ಅವರಿಗೆ ಮೇಸ್ತ್ರಿ ದುರುಗಪ್ಪನ ನಮಸ್ಕಾರಗಳು.

ಅಮ್ಯೂಸ್‌ಮೆಂಟ್ ಪಾರ್ಕಿನ ‘2050ರ ಓಣಿ’ಯಲ್ಲಿ ಮನೆಗಳ ಮುಂದೆ ನಾನು ಕಟ್ಟಿದ ಕಟ್ಟೆಗಳನ್ನು ಒಡೆಯಬೇಕೆಂದು ನೀವು ಹೇಳಿದ್ದನ್ನು ಸೂಪರ್‌ವೈಸರ್ ಪ್ರವೀಣಕುಮಾರ್ ತಿಳಿಸಿದರು. ನಕ್ಷೆಯಲ್ಲಿ ಕಟ್ಟೆ ಇರಲಿಲ್ಲ. ರೂಢಿಯಿಂದ ಕಟ್ಟಿಬಿಟ್ಟೆ, ತಪ್ಪು ನನ್ನದು.

ನಮ್ಮೂರಲ್ಲಿ ಎಷ್ಟೋ ಮನೆಗಳಿಗೆ ಕಟ್ಟೆ ಕಟ್ಟಿದ್ದೇನೆ. ನಮ್ಮ ಕೇರಿಯವರು ಅವುಗಳ ಮೇಲೆ ಕೂರುವಂತಿಲ್ಲ. ಮೊನ್ನೆ ಕೆಲಸ ನೋಡಲು ಬಂದ ಅವ್ವ ಇಲ್ಲಿಯೂ ನೆಲದ ಮೇಲೆಯೇ ಕುಳಿತಳು.

“ಕಟ್ಟಿ ಮ್ಯಾಲ ಕುಂದ್ರಬೇ” ಎಂದೆ.

“ಮನಿಯವ್ರು ಬಂದು ಬೈದ್ರ ಏನ್ ಮಾಡ್ಲೋ?”

“ಅವ್ರು ಇನ್ನೂ ಹುಟ್ಟಿಲ್ಲಬೇ.”

ಅವ್ವ ನಕ್ಕು, ಮೇಲೆ ಕುಳಿತಳು.

ದಯವಿಟ್ಟು ಒಂದು ಕಟ್ಟೆಯನ್ನಾದರೂ ಉಳಿಸಿ. ಮಿಕ್ಕವನ್ನು ನಾನೇ ಒಡೆಯುತ್ತೇನೆ. ಒಡೆಯುವ ಕೆಲಸ ಸೋಮವಾರ ಬೆಳಗ್ಗೆ ಎಂಟಕ್ಕೆ ಶುರುವಾಗುತ್ತದೆ.

ನಿಮ್ಮ ಉತ್ತರಕ್ಕೆ ಕಾಯುವ,
ದುರುಗಪ್ಪ